ಓಡಿದವಳಿಗೆ ನಿಷೇಧ, ಕರೆತಂದವರಿಗೆ ಶಾಲು

ಅರ್ಹತೆ ಅನರ್ಹತೆಗಳನ್ನು ತೀರ್ಮಾನಿಸುವ ಅಧ್ಯಕ್ಷರೇ,

ಕಳೆದ ಭಾನುವಾರದ ಪತ್ರಿಕೆಯಲ್ಲಿ ತಮ್ಮ ಫೋಟೋ ನೋಡಿದೆ. ಅಂತರಕಾಲೇಜು ಕ್ರೀಡಾ ಅರ್ಹತಾ ಸಮಿತಿಯ ವಾರ್ಷಿಕ ಸಮಾರಂಭದಲ್ಲಿ ತಾವು ರಾಜಾಜಿನಗರದ ಒಂದು ಮಹಿಳಾ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಶಾಲು ಹೊದಿಸುತ್ತಿದ್ದೀರಿ. ‘ಗ್ರಾಮೀಣ ಪ್ರತಿಭೆಗಳನ್ನು ಗುರುತಿಸಿ ಬೆಳೆಸಿದ ಸಾಧಕ’ ಎಂದು ಫೋಟೋದ ಕೆಳಗೆ ಅಚ್ಚಾಗಿದೆ. ಈ ಸಾಧಕರು ಗುರುತಿಸಿ ತಂದವರಲ್ಲಿ ಒಬ್ಬಳ ಹೆಸರು ಸುವರ್ಣಾ. ಖೋ ಖೋ ಆಟಗಾರ್ತಿ. ಅವಳು ಐದು ವರ್ಷ ಯಾವ ಕಾಲೇಜಿನ ಪರವಾಗಿಯೂ ಅಂಕಣಕ್ಕೆ ಇಳಿಯಕೂಡದೆಂದು ಮೂರೂವರೆ ವರ್ಷದ ಹಿಂದೆ ಆದೇಶ ಹೊರಡಿಸಿದ್ದು ತಮ್ಮ ಸಮಿತಿಯೇ. ತಪ್ಪು ಒಂದೇ. ಅದಕ್ಕೆ ಓಡಿದವಳಿಗೆ ನಿಷೇಧ, ಓಡಲು ಕರೆತಂದವರಿಗೆ ಶಾಲು. ಇದು ಯಾವ ಊರಿನ ನ್ಯಾಯ ಎಂದು ಕೇಳುವುದಕ್ಕೇ ಈ ಪತ್ರ.

ತಮ್ಮ ಆದೇಶಕ್ಕೆ ಆಧಾರವಾದದ್ದು ಒಂದು ಅನಾಮಧೇಯ ಪತ್ರ. ‘ಕ್ರೀಡಾಭಿಮಾನಿ’ ಎಂಬ ಹೆಸರಿನಲ್ಲಿ 2004ರ ಫೆಬ್ರವರಿಯಲ್ಲಿ ತಮ್ಮ ಕಚೇರಿಗೆ ಬಂದಿತ್ತು. ಅದನ್ನು ಬರೆದವಳು ನಾನು. ಕ್ರೀಡೆಯ ಮೇಲಿನ ಅಭಿಮಾನದಿಂದ ಬರೆದದ್ದಲ್ಲ, ಹೊಟ್ಟೆಕಿಚ್ಚಿನಿಂದ ಬರೆದದ್ದು. ಅದರಲ್ಲಿದ್ದ ಪ್ರತಿಯೊಂದು ವಾಕ್ಯವೂ ನಿಜವಾಗಿತ್ತು ಎಂಬುದು ನನಗೆ ಈಗ ಯಾವ ಸಮಾಧಾನವನ್ನೂ ಕೊಡುತ್ತಿಲ್ಲ. ನಿಜವನ್ನೇ ಹೇಳಿ ಒಬ್ಬರ ಬಾಳು ಹಾಳು ಮಾಡಬಹುದು ಎಂದು ನನಗೆ ಆಗ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಆಡಳಿತ ನಡೆಸಿರುವ ತಮಗೆ ಗೊತ್ತಿರಬೇಕಿತ್ತು.

ನಾನು ಆ ಕಾಲೇಜಿನ ಖೋ ಖೋ ತಂಡದ ನಾಯಕಿಯಾಗಿದ್ದೆ. ಮನೆ ಬಸವೇಶ್ವರನಗರ. ತಂದೆ ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರು. ಎರಡು ವರ್ಷ ಒಂದು ದಿನವೂ ತಪ್ಪದೆ ಬೆಳಗ್ಗೆ ಐದೂವರೆಗೆ ಸ್ಕೂಟಿ ಹತ್ತಿ ಮೈದಾನಕ್ಕೆ ಹೋಗಿದ್ದೇನೆ. ಅಂಕಣದ ಗೆರೆಗಳಿಗೆ ಸುಣ್ಣ ಹಾಕಿದ್ದೇನೆ. ಮಂಡಿಯ ಚರ್ಮ ಕಿತ್ತು ಗಾಯ ಮಾಯುವ ಮೊದಲೇ ಮತ್ತೆ ಅದೇ ಜಾಗದ ಮೇಲೆ ಬಿದ್ದಿದ್ದೇನೆ. ಅಮ್ಮ ಜಗದಾಂಬಾ, “ಮದುವೆ ಆಗೋ ಹುಡುಗಿ, ಕಾಲು ನೋಡ್ಕೋ ಸ್ವಲ್ಪ” ಎಂದು ಅರಿಶಿನ ಹಚ್ಚುತ್ತಲೇ ಬೈಯುತ್ತಿದ್ದರು. ಎರಡು ವರ್ಷವೂ ನಾವು ಸೆಮಿಫೈನಲ್‌ನಲ್ಲಿ ಸೋತೆವು. ಮೂರನೆಯದು ನನ್ನ ಕೊನೆಯ ವರ್ಷ. ಆ ವರ್ಷ ಗೆಲ್ಲುತ್ತೇವೆಂದು ನಾನು ನಂಬಿದ್ದೆ. ನಮ್ಮ ನಿರ್ದೇಶಕರು ನಂಬಿರಲಿಲ್ಲ. ನಾವು ಅವರನ್ನು ಪಿ.ಡಿ. ಸಾರ್ ಎನ್ನುತ್ತಿದ್ದೆವು. ಅವರು ನಮ್ಮನ್ನು ತಯಾರು ಮಾಡುವ ಬದಲು ಬೇಸಿಗೆ ರಜೆಯಲ್ಲಿ ಧಾರವಾಡಕ್ಕೆ ಹೋಗಿ ಒಂದು ಪಂದ್ಯಾವಳಿ ನೋಡಿ, ಅಲ್ಲಿಂದ ಸುವರ್ಣಾಳನ್ನು ಕರೆದುಕೊಂಡು ಬಂದರು.

2003ರ ಜುಲೈ. ಅವಳು ಮೈದಾನಕ್ಕೆ ಬಂದದ್ದು ಎರಡು ಜಡೆ ಹಾಕಿಕೊಂಡು, ದೊಡ್ಡ ಅಳತೆಯ ಟೀ ಶರ್ಟ್ ತೊಟ್ಟು. ಹದಿನೆಂಟು ವರ್ಷ, ಇನ್ನೂ ಹೈಸ್ಕೂಲಿನವಳ ಹಾಗೆ ಕಾಣುತ್ತಿದ್ದಳು. ತಂದೆ ಯಲ್ಲಪ್ಪ ಗದಗಿನ ಎಪಿಎಂಸಿಯಲ್ಲಿ ಹಮಾಲಿ. ಪಿ.ಡಿ. ಸಾರ್ ಅವಳ ಭುಜದ ಮೇಲೆ ಕೈಯಿಟ್ಟು, “ಇವಳು ಸುವರ್ಣಾ. ನೋಡ್ಕೊಳ್ರಮ್ಮ, ಈ ವರ್ಷ ಕಪ್ಪು ನಮ್ದೇ” ಎಂದರು. ಎರಡು ವರ್ಷ ಸುಣ್ಣ ಹಾಕಿದವರೆಲ್ಲ ಅಲ್ಲೇ ನಿಂತಿದ್ದೆವು.

ನಾನು ನಾಯಕಿ. ಇವಳು ಎಷ್ಟು ಓಡುತ್ತಾಳೋ ನೋಡಿಯೇ ಬಿಡೋಣ ಎಂದು ಅವಳನ್ನು ಹಿಡಿಯಲು ನಾನೇ ಎದ್ದೆ. ಅವಳಿಗೆ ಸಾರ್ ಹೊಸ ಬಿಳಿ ಬೂಟು ಕೊಡಿಸಿದ್ದರು. ಅವಳು ಅದನ್ನು ಬಿಚ್ಚಿ ಕಂಬದ ಪಕ್ಕ ಜೋಡಿಸಿಟ್ಟು ಬರಿಗಾಲಲ್ಲಿ ಇಳಿದಳು. ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ಕೈ ಚಾಚಿದರೆ ಸಿಕ್ಕಿದಳು ಅನ್ನುವಷ್ಟು ಹತ್ತಿರದಲ್ಲೇ ಇರುತ್ತಿದ್ದಳು. ಕೈ ಮುಚ್ಚುವಷ್ಟರಲ್ಲಿ ಕೂತ ಹುಡುಗಿಯರ ಸಾಲಿನ ಆಚೆ ಹೋಗಿ ನಿಂತಿರುತ್ತಿದ್ದಳು. ಕಂಬದ ಬಳಿ ಡೈವ್ ಹೊಡೆದು ಹಿಡಿಯುವುದು ನನ್ನ ಹೆಚ್ಚುಗಾರಿಕೆ. ಹೊಡೆದೆ. ಮಕಾಡೆ ನೆಲಕ್ಕೆ ಬಿದ್ದೆ. ಅವಳು ತಿರುಗಿ ಓಡುವುದನ್ನು ಬಿಟ್ಟು ನನ್ನ ಹತ್ತಿರ ಬಂದು ಬಗ್ಗಿ, “ಪೆಟ್ಟಾತೇನ್ರಿ ಅಕ್ಕಾರ?” ಎಂದಳು. ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. ಅವಳೂ ನಕ್ಕಿದ್ದರೆ ಅವಳನ್ನು ದ್ವೇಷಿಸುವುದು ಸುಲಭವಾಗುತ್ತಿತ್ತು. ಅವಳು ನಗಲಿಲ್ಲ. ಕೈ ಹಿಡಿದು ಎಬ್ಬಿಸಿ, ನನ್ನ ಮೊಣಕೈಯ ಮಣ್ಣು ಒರೆಸಿದಳು.

ಅಧ್ಯಕ್ಷರೇ, ತಾವು ಎಂದಾದರೂ ಹೊಟ್ಟೆಕಿಚ್ಚು ಪಟ್ಟಿದ್ದೀರೋ ಇಲ್ಲವೋ ನನಗೆ ತಿಳಿಯದು. ತಮ್ಮ ಸ್ಥಾನದಲ್ಲಿರುವವರಿಗೆ ಅದರ ಅಗತ್ಯ ಬೀಳಲಾರದು. ನನಗೆ ಅದು ಆ ಬೆಳಗ್ಗೆ ಶುರುವಾಯಿತು. ಅವಳು ಓಡುವುದನ್ನು ನೋಡಿದರೆ ಉರಿ. ಓಡದೆ ಬೇವಿನ ಮರದ ಕೆಳಗೆ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರೂ ಉರಿ. ನಾನು ದುಡಿದು ಕಲಿತದ್ದನ್ನು ಇವಳು ಕಲಿಯದೆಯೇ ತಂದುಕೊಂಡಿದ್ದಾಳಲ್ಲ ಎಂಬುದು ಒಂದು. ನನ್ನ ಜಾಗಕ್ಕೆ ಬಂದವಳಿಗೆ ಅದು ನನ್ನ ಜಾಗ ಎಂಬ ಅರಿವೇ ಇಲ್ಲವಲ್ಲ ಎಂಬುದು ಇನ್ನೊಂದು.

ಆಗಸ್ಟ್ ಕೊನೆಗೆ ಆಡುವ ಒಂಬತ್ತು ಜನರ ಪಟ್ಟಿಯಿಂದ ನನ್ನ ಹೆಸರು ಹೋಯಿತು. ನಾಯಕತ್ವವೂ ಹೋಯಿತು. ಮೂವರು ಬದಲಿ ಆಟಗಾರ್ತಿಯರಲ್ಲಿ ನಾನೊಬ್ಬಳು. ಪಿ.ಡಿ. ಸಾರ್ ತಮ್ಮ ಕೋಣೆಗೆ ಕರೆದು ಹೇಳಿದರು, “ಬೇಜಾರ್ ಮಾಡ್ಕೋಬೇಡಮ್ಮ ರಂಜನಿ. ನಿಂಗೇನು, ಅಪ್ಪ ಇದಾರೆ, ಮನೆ ಇದೆ. ಈ ಹುಡುಗೀರಿಗೆ ಇದು ಬಿಟ್ರೆ ಬೇರೆ ಏನಿದೆ ಹೇಳು? ನಂಗೂ ಮ್ಯಾನೇಜ್‌ಮೆಂಟಿಗೆ ಕಪ್ ತೋರಿಸ್ಬೇಕು.”

“ಎರಡು ವರ್ಷ ಬಂದಿದೀನಿ ಸಾರ್.”

“ಬಂದಿದೀಯ. ಯಾರು ಇಲ್ಲ ಅಂದ್ರು? ಬೆಂಚ್ ಮೇಲೆ ಕೂತ್ರೂ ಸರ್ಟಿಫಿಕೇಟ್ ಸಿಗತ್ತೆ.”

ಆ ಕೊನೆಯ ಮಾತು ಎಷ್ಟು ಸತ್ಯವಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ಈಗ ಒಂದು ವಿಷಯ ಸ್ಪಷ್ಟಪಡಿಸಿಬಿಡುತ್ತೇನೆ. ಊರೂರು ಸುತ್ತಿ ಆಟಗಾರರನ್ನು ಹುಡುಕಿ ತರುವುದೇ ತಪ್ಪು ಎಂದು ನಾನು ವಾದಿಸುತ್ತಿಲ್ಲ. ಗದಗಿನಲ್ಲಿ ಚೆನ್ನಾಗಿ ಓಡುವವಳು ಗದಗಿನಲ್ಲೇ ಇರಬೇಕು ಅನ್ನಲು ನಾನ್ಯಾರು? ಆದರೆ ಹುಡುಕಿ ತಂದವರಿಗೆ ತಂದ ಮೇಲೆ ಏನಾದರೂ ಹೊಣೆ ಇದೆಯೇ ಇಲ್ಲವೇ? ಹಮಾಲಿ ಯಲ್ಲಪ್ಪನ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿದು, “ನಿಮ್ಮ ಮಗಳಿಗೆ ಊಟ, ಹಾಸ್ಟೆಲ್, ಡಿಗ್ರಿ ಎಲ್ಲಾ ಫ್ರೀ, ಮೂರು ವರ್ಷಕ್ಕೆ ರೈಲ್ವೆ ಕೆಲಸ” ಎಂದು ಮಾತು ಕೊಟ್ಟು ಬರುವಾಗ ಆ ಮಾತು ಯಾರದು? ಕಾಲೇಜಿನದೋ, ನಿರ್ದೇಶಕರದೋ, ಚಹಾದ್ದೋ? ಇನ್ನು ಅದೇ ಕಾಲೇಜಿಗೆ ಶುಲ್ಕ ಕಟ್ಟಿ, ಎರಡು ವರ್ಷ ಮೈ ಮುರಿದು ಆಡಿದ ಹುಡುಗಿಯರಿಗೆ ಅಲ್ಲಿ ಯಾವ ಬೆಲೆ? ನಾನು ಹೊಟ್ಟೆಕಿಚ್ಚಿನವಳು ನಿಜ. ಹೊಟ್ಟೆಕಿಚ್ಚಿನವಳು ಕೇಳಿದ ಮಾತ್ರಕ್ಕೆ ಪ್ರಶ್ನೆ ಸುಳ್ಳಾಗುವುದಿಲ್ಲ.

ಇಷ್ಟಾದರೂ ಸುವರ್ಣಾ ನನ್ನನ್ನೇ ಅಂಟಿಕೊಂಡಳು. ಹಾಸ್ಟೆಲ್ ಎಂದರೆ ವಿಜಯನಗರದಲ್ಲಿ ಕಾಲೇಜು ಬಾಡಿಗೆಗೆ ಹಿಡಿದಿದ್ದ ಒಂದು ಮನೆ. ಅಡುಗೆಯ ಲಿಂಗಮ್ಮನನ್ನು ಬಿಟ್ಟರೆ ಅವಳಿಗೆ ಅಲ್ಲಿ ಮಾತಿಗೆ ಯಾರೂ ಇರಲಿಲ್ಲ. ಒಂದು ದಿನ ನನ್ನ ಹಿಂದೆಯೇ ಬಂದು, “ಅಕ್ಕಾರ, ನನಗ ಇಂಗ್ಲಿಷ್ ಹೇಳಿಕೊಡ್ತೀರೇನ್ರಿ?” ಎಂದಳು. ಇಲ್ಲ ಎನ್ನುವುದಕ್ಕೆ ಕಾರಣ ಹೊಳೆಯಲಿಲ್ಲ. ಪ್ರತಿ ಶನಿವಾರ ಮಧ್ಯಾಹ್ನ ನಮ್ಮ ಮನೆಗೆ ಬರತೊಡಗಿದಳು.

ಅಲ್ಲಿಯೂ ನನಗೆ ಬಿಡುಗಡೆ ಇಲ್ಲ. ನಮ್ಮವರು ಮೂಲತಃ ದಾವಣಗೆರೆಯ ಕಡೆಯವರು. ಅಮ್ಮನಿಗೆ ಜೋಳದ ರೊಟ್ಟಿ ಬಡಿಯುವುದೆಂದರೆ ಹಬ್ಬ, ತಿನ್ನುವವರು ಮನೆಯಲ್ಲಿ ಇರಲಿಲ್ಲ. ಸುವರ್ಣಾ ಐದು ರೊಟ್ಟಿ ತಿನ್ನುತ್ತಿದ್ದಳು. ಎಣ್ಣೆಗಾಯಿಯ ಬಟ್ಟಲನ್ನು ರೊಟ್ಟಿಯಿಂದಲೇ ಒರೆಸಿ, “ನಮ್ಮವ್ವ ಮಾಡಿದಂಗ ಆಗೇತ್ರಿ ಅಮ್ಮಾರ” ಎನ್ನುತ್ತಿದ್ದಳು. ಅಮ್ಮ ಅವಳ ತಟ್ಟೆಯನ್ನೇ ನೋಡುತ್ತಾ, “ಎಷ್ಟು ಚೆನ್ನಾಗಿ ಊಟ ಮಾಡ್ತಾಳೆ ನೋಡೇ. ನೀನೂ ಇದೀಯ, ತಟ್ಟೆ ಮುಂದೆ ಕೂತ್ರೆ ಮುಖ ಸಿಂಡರಿಸ್ಕೊಂಡು” ಎಂದರು. ಒಂದು ಶನಿವಾರ ಅವಳ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದರು. ಅಂಕಣದಲ್ಲಿ ನನ್ನ ಜಾಗ ತೆಗೆದುಕೊಂಡವಳು ಈಗ ಅಡುಗೆಮನೆಯ ಬಾಗಿಲಲ್ಲಿ ಅಮ್ಮನ ಮಂಡಿಗೆ ಬೆನ್ನು ಕೊಟ್ಟು ಕೂತಿದ್ದಾಳೆ! ನಾನು ನೋಡಲಾರದೆ ಮಹಡಿಗೆ ಹೋಗಿ ಬಟ್ಟೆ ತೆಗೆದೆ. ಒಣಗಿರಲಿಲ್ಲ. ಒದ್ದೆಯನ್ನೇ ಮಡಿಸಿದೆ.

ಇಂಗ್ಲಿಷ್ ಏಕೆ ಕಲಿಯಬೇಕು ಎಂಬುದು ನವೆಂಬರಿನಲ್ಲಿ ಗೊತ್ತಾಯಿತು. “ಯಾರ ಮುಂದೂ ಹೇಳಬ್ಯಾಡ್ರಿ ಅಕ್ಕಾರ” ಎಂದು ದನಿ ತಗ್ಗಿಸಿ ಹೇಳಿದಳು. “ಪಿಯುಸಿ ಇಂಗ್ಲಿಷ್ ನಂದು ಹೋಗೇತಿ. ಸರ್‌ಗೆ ಮೊದಲ ಹೇಳಿದ್ದೆ. ಅದೆಲ್ಲಾ ನಾ ನೋಡ್ಕೋತೀನಿ, ನೀ ಬರೇ ಓಡು ಅಂದ್ರು. ಬಿ.ಎ. ಕ್ಲಾಸಿನ್ಯಾಗ ದಿನಾ ಕುಂದರ್ತೇನ್ರಿ. ಆದ್ರ ಹಾಜರಿ ಕರಿಯೂವಾಗ ನನ್ನ ಹೆಸರ ಬರಂಗಿಲ್ಲ.”

“ಮತ್ತೆ ಟೂರ್ನಮೆಂಟ್ ಫಾರಂ?”

“ಸರ್ ಬರಕೊಂಡು ಬಂದಿದ್ರು, ಇಂಗ್ಲಿಷ್‌ನ್ಯಾಗ. ಇಲ್ಲಿ ಸಹಿ ಮಾಡು ಅಂದ್ರು, ಮಾಡೇನಿ. ಮಾರ್ಚಿಗೆ ಪರೀಕ್ಷಾ ಪಾಸ್ ಮಾಡಿಬಿಟ್ರ ಎಲ್ಲಾ ಸರಿ ಹೊಕ್ಕೈತಲ್ರಿ ಅಕ್ಕಾರ?”

ನಾನು ಹ್ಞೂಂ ಎಂದೆ. ಆಮೇಲೆ ಅವಳಿಗೆ ಭೂತಕಾಲದ ಕ್ರಿಯಾಪದಗಳನ್ನು ಬರೆಸಿದೆ.

ಜನವರಿಯ ಕೊನೆಯ ವಾರ ಫೈನಲ್. ತಾವು ಮುಖ್ಯ ಅತಿಥಿಯಾಗಿ ಶಾಮಿಯಾನದ ಕೆಳಗೆ ಕೂತಿದ್ದಿರಿ. ತಾವು ನೋಡುತ್ತಿದ್ದಿರೋ ಇಲ್ಲವೋ ಎಂದು ನನಗೆ ಅನುಮಾನವಿರುವುದರಿಂದ ಏನು ನಡೆಯಿತು ಎಂದು ಹೇಳುತ್ತೇನೆ. ಕೊನೆಯ ಸರದಿಯಲ್ಲಿ ನಾವು ಓಡಬೇಕು, ಎದುರಾಳಿಗಳು ಹಿಡಿಯಬೇಕು. ನಮಗೆ ಮೂರು ಅಂಕದ ಮುನ್ನಡೆ. ಏಳು ನಿಮಿಷದಲ್ಲಿ ಅವರು ನಾಲ್ವರನ್ನು ಹಿಡಿದರೆ ಕಪ್ಪು ಅವರದು. ನಮ್ಮ ಮೊದಲ ಮೂವರು ಇಳಿದರು. ಎರಡೇ ನಿಮಿಷದಲ್ಲಿ ಇಬ್ಬರು ಸಿಕ್ಕಿಬಿದ್ದರು. ಉಳಿದವಳು ಸುವರ್ಣಾ ಒಬ್ಬಳೇ. ಅವಳು ಸಿಕ್ಕರೆ ಮುಂದಿನ ಮೂವರು ಇಳಿಯಬೇಕು. ಅವರು ಎಷ್ಟು ಹೊತ್ತು ನಿಲ್ಲುವವರೆಂದು ನಮಗೆಲ್ಲ ಗೊತ್ತಿತ್ತು. ಅವಳು ಸಿಗಲಿಲ್ಲ. ಐದು ನಿಮಿಷ, ಒಬ್ಬಳ ಹಿಂದೆ ಒಂಬತ್ತು ಜನ. ಖೋ ಖೋ ಎಂಬ ಕೂಗು ಸಾಲಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಿತ್ತು. ಕೊನೆಯ ನಿಮಿಷದಲ್ಲಿ ಅವಳ ಹಿಮ್ಮಡಿಯಿಂದ ರಕ್ತ ಬರುತ್ತಿತ್ತು. ನಾನು ಬೆಂಚಿನಿಂದ ಎದ್ದು ನಿಂತು ಕಿರುಚುತ್ತಿದ್ದೆ. ಏನು ಕಿರುಚಿದೆ ಎಂದು ಯಾರೂ ನನ್ನನ್ನು ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ನನ್ನ ಬಾಯಿ ‘ಓಡು’ ಎನ್ನುತ್ತಿತ್ತು, ಮನಸ್ಸು ‘ಬೀಳು’ ಎನ್ನುತ್ತಿತ್ತು. ಸೀಟಿ ಊದಿದರು. ಒಂದು ಅಂಕದಿಂದ ಗೆದ್ದೆವು.

ಅವಳನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅಮ್ಮನೂ ಬಂದಿದ್ದರು. ನನ್ನನ್ನು ನೋಡಲು ಬಂದವರು ಅವಳನ್ನು ತಬ್ಬಿ ಕಣ್ಣೊರೆಸಿಕೊಂಡರು. ತಂಡ ಕಪ್ಪು ಹಿಡಿದ ಫೋಟೋದಲ್ಲಿ ನಾನು ಎಡತುದಿಯಲ್ಲಿದ್ದೇನೆ. ಒಂದು ಕೈ ಮಾತ್ರ ಕಾಣುತ್ತದೆ.

ಅದಾದ ಎಂಟನೇ ದಿನ ಹಾವನೂರು ಸರ್ಕಲ್ ಹತ್ತಿರದ ಕಂಪ್ಯೂಟರ್ ಸೆಂಟರಿಗೆ ಹೋಗಿ, ಗಂಟೆಯ ಲೆಕ್ಕದಲ್ಲಿ ಕೂತು, ಆ ಪತ್ರ ಟೈಪ್ ಮಾಡಿದೆ. ಅವಳ ಪಿಯುಸಿ ನೋಂದಣಿ ಸಂಖ್ಯೆಯನ್ನೂ ಬರೆದೆ. ಪರೀಕ್ಷೆಯ ಅರ್ಜಿ ತುಂಬಿಕೊಡಲು ಅವಳೇ ನನಗೆ ಕೊಟ್ಟಿದ್ದ ಸಂಖ್ಯೆ ಅದು. ಕಾಲೇಜಿಗೆ ಬುದ್ಧಿ ಬರಲಿ ಎಂದು ಬರೆಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಇಂಥ ನೇಮಕಾತಿಗಳು ನಿಲ್ಲಬೇಕು, ಸ್ಥಳೀಯ ಆಟಗಾರ್ತಿಯರಿಗೆ ನ್ಯಾಯ ಸಿಗಬೇಕು ಎಂದೆಲ್ಲ ಎರಡು ಪ್ಯಾರಾ ಬರೆದೆ. ನನಗೆ ಬೇಕಾಗಿದ್ದದ್ದು ಅದಲ್ಲ. ಅವಳು ಓಡಬಾರದು, ಅಷ್ಟೇ.

ಹೆಸರಿಲ್ಲದ ಪತ್ರಗಳನ್ನು ಪರಿಗಣಿಸಕೂಡದು ಎಂಬ ಸುತ್ತೋಲೆ ಎಲ್ಲ ಕಚೇರಿಗಳಲ್ಲೂ ಇರುತ್ತದೆಂದು ಸರ್ಕಾರಿ ನೌಕರಿಗೆ ಸೇರಿದ ಮೇಲೆ ನನಗೆ ತಿಳಿಯಿತು. ತಮ್ಮ ಸಮಿತಿ ಆ ಪತ್ರದ ಮೇಲೆ ಒಂಬತ್ತೇ ದಿನಗಳಲ್ಲಿ ಆದೇಶ ಹೊರಡಿಸಿತು. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಅಂಟಿಸಿದ್ದರು. ನಾನು ನಿಂತು ಓದಿದೆ. ‘ಸದರಿ ಆಟಗಾರ್ತಿಯು ಸುಳ್ಳು ಮಾಹಿತಿ ನೀಡಿ ಸಮಿತಿಯನ್ನು ವಂಚಿಸಿರುವುದು ರುಜುವಾತಾಗಿರುವುದರಿಂದ’ ಐದು ವರ್ಷ ನಿಷೇಧ, ಪ್ರಮಾಣಪತ್ರ ರದ್ದು. ಕಾಲೇಜಿಗೆ? ‘ಮುಂದೆ ಎಚ್ಚರ ವಹಿಸತಕ್ಕದ್ದು.’ ಕಪ್ಪು? ‘ಸದರಿ ಆಟಗಾರ್ತಿಯ ಪಾಲ್ಗೊಳ್ಳುವಿಕೆಯಿಂದ ಫಲಿತಾಂಶದ ಮೇಲೆ ಗಣನೀಯ ಪರಿಣಾಮ ಉಂಟಾಗಿಲ್ಲವಾದ್ದರಿಂದ’ ಕಪ್ಪು ಕಾಲೇಜಿನಲ್ಲೇ ಉಳಿಯತಕ್ಕದ್ದು!

ಗಣನೀಯ ಪರಿಣಾಮ ಉಂಟಾಗಿಲ್ಲ. ಅಧ್ಯಕ್ಷರೇ, ಆ ವಾಕ್ಯವನ್ನು ಬರೆದ ಕೈ ಯಾವುದು? ಶಾಮಿಯಾನದ ಕೆಳಗೆ ಕೂತು ಚಪ್ಪಾಳೆ ತಟ್ಟಿದ ಕೈಯೇ? ಅವಳಿಗೆ ಓದಲು ಬಾರದ ಫಾರಂ ತುಂಬಿದವರು ಯಾರು ಎಂದು ತಾವು ಕೇಳಲಿಲ್ಲ. ಅದರ ಕೆಳಗೆ ಪ್ರಾಂಶುಪಾಲರ ಮೊಹರು ಬಿದ್ದದ್ದು ಹೇಗೆ ಎಂದು ಕೇಳಲಿಲ್ಲ. ಹಾಜರಿ ಪುಸ್ತಕ ತರಿಸಲಿಲ್ಲ. ಹೋಗಲಿ, ಅವಳನ್ನಾದರೂ ಕರೆಸಿ ಕೇಳಿದಿರಾ? ಹಮಾಲಿಯ ಮಗಳೊಬ್ಬಳು ಇಷ್ಟು ಜನ ದೊಡ್ಡವರನ್ನು ಒಬ್ಬಳೇ ವಂಚಿಸಿದಳು ಎಂಬುದನ್ನು ನಂಬಲು ತಮಗೆ ಒಂಬತ್ತು ದಿನ ಸಾಕಾಯಿತು.

ಎರಡನೇ ದಿನಕ್ಕೇ ಅವಳನ್ನು ಹಾಸ್ಟೆಲಿನಿಂದ ಕಳಿಸಿದರು. ಹಾಸ್ಟೆಲ್ ವಿದ್ಯಾರ್ಥಿನಿಯರಿಗೆ ಮಾತ್ರವಂತೆ. ನಾನು ಅಲ್ಲಿರಲಿಲ್ಲ, ಹೋಗುವ ಧೈರ್ಯವಿರಲಿಲ್ಲ. ಲಿಂಗಮ್ಮ ಆಮೇಲೆ ಹೇಳಿದಳು, “ಟ್ರಂಕ್ ಇಟ್ಕೊಂಡು ಗೇಟಲ್ಲಿ ನಿಂತಿತ್ತಮ್ಮ ಆ ಮಗು. ಸಾರ್ ಬರ್ತಾರೆ, ಸಾರ್ ಬರ್ತಾರೆ ಅಂತ ಬೆಳಗ್ಗಿಂದ ಮಧ್ಯಾಹ್ನದ ತನಕ. ಯಾವ ಸಾರೂ ಬರ್ಲಿಲ್ಲ. ನಾನೇ ಬಸ್ ಹತ್ತಿಸ್ದೆ.” ನಂದಿನಿ ಲೇಔಟಿನಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದ ಅವಳ ಕಾಕಾ ಫಕೀರೇಶನ ಮನೆಗೆ ಹೋದಳಂತೆ. ಅಮ್ಮ ಎರಡು ಶನಿವಾರ ರೊಟ್ಟಿ ಬಡಿದು ಕಾದರು. ಮೂರನೇ ಶನಿವಾರ, “ಆ ಹುಡುಗಿಗೆ ಏನಾಯ್ತೇ?” ಎಂದು ಕೇಳಿದರು. ಊರಿಗೆ ಹೋದಳು ಎಂದೆ.

ನನಗೆ ಸಂತೋಷವಾಯಿತೇ ಎಂದು ಕೇಳಿ. ನಾಲ್ಕು ದಿನ ಆಯಿತು. ಐದನೇ ದಿನ ಬೆಳಗ್ಗೆ ಮೈದಾನಕ್ಕೆ ಹೋದರೆ, ಯಾರ ಮೇಲೆ ಹೊಟ್ಟೆ ಉರಿದುಕೊಳ್ಳಲಿ ಎಂದು ಹುಡುಕುವ ಹಾಗಾಯಿತು.

2006ರಲ್ಲಿ ನನಗೆ ಕ್ರೀಡಾ ಮೀಸಲಿನಲ್ಲಿ ಎರಡನೇ ದರ್ಜೆ ಸಹಾಯಕಿಯ ಹುದ್ದೆ ಸಿಕ್ಕಿತು. ಸಂದರ್ಶನದಲ್ಲಿ ನೋಡಿದ್ದು ಒಂದೇ ಕಾಗದ: ಚಾಂಪಿಯನ್ ತಂಡದ ಸದಸ್ಯೆ ಎಂದು ತಾವು ಸಹಿ ಮಾಡಿಕೊಟ್ಟ ಪ್ರಮಾಣಪತ್ರ. ಆ ಪಂದ್ಯದಲ್ಲಿ ನಾನು ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಓಡಿದವಳ ಪ್ರಮಾಣಪತ್ರ ರದ್ದಾಗಿದೆ, ಕೂತವಳದು ಊರ್ಜಿತವಾಗಿದೆ. ಪಿ.ಡಿ. ಸಾರ್ ನುಡಿದದ್ದು ಹೀಗೆ ಸತ್ಯವಾಯಿತು. ಪ್ರತಿ ತಿಂಗಳ ಸಂಬಳ ತೆಗೆದುಕೊಳ್ಳುವಾಗ ಅದು ನೆನಪಾಗುತ್ತದೆ ಎಂದರೆ ಸುಳ್ಳಾದೀತು. ಕೆಲವು ತಿಂಗಳು ನೆನಪಾಗುತ್ತದೆ.

ಕಳೆದ ಭಾನುವಾರ ತಮ್ಮ ಶಾಲಿನ ಫೋಟೋ ನೋಡಿದ ಮೇಲೆ ಮನೆಯಲ್ಲಿ ಇರಲಾಗಲಿಲ್ಲ. ಲಿಂಗಮ್ಮನಿಂದ ವಿಳಾಸ ಪಡೆದು ನಂದಿನಿ ಲೇಔಟಿಗೆ ಹೋದೆ. ಶೀಟಿನ ಮನೆ. ಸುವರ್ಣಾ ಹೊರಗೆ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ನೋಡಿ ಎದ್ದಳು, ಸೆರಗಿಗೆ ಕೈ ಒರೆಸಿಕೊಂಡಳು, ನಗಲಿಲ್ಲ. ಒಳಗೆ ಕರೆದು ಚಾಪೆ ಹಾಕಿದಳು. ಮೂರೂವರೆ ವರ್ಷದಿಂದ ಗಾರ್ಮೆಂಟ್ ಕಾರ್ಖಾನೆಯಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಿದ್ದಾಳೆ. 2005ರಲ್ಲಿ ಪಿಯುಸಿ ಇಂಗ್ಲಿಷನ್ನು ತಾನೇ ಓದಿ ಪಾಸು ಮಾಡಿಕೊಂಡಿದ್ದಾಳೆ. ಕಳೆದ ವರ್ಷ ವಿಜಯನಗರದ ಒಂದು ಸಂಜೆ ಕಾಲೇಜಿಗೆ ಬಿ.ಎ.ಗೆ ಸೇರಿದ್ದಾಳೆ. ಈಗ ಅವಳ ಹೆಸರು ಹಾಜರಿ ಪುಸ್ತಕದಲ್ಲಿದೆ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದ ಮಾತುಗಳೆಲ್ಲ ಮರೆತುಹೋದವು. “ಆ ಪತ್ರ ಬರ್ದಿದ್ದು ನಾನು ಸುವರ್ಣಾ” ಎಂದೆ.

“ಗೊತ್ತಿತ್ರಿ ಅಕ್ಕಾರ” ಎಂದಳು. “ಇಂಗ್ಲಿಷ್ ಹೋದದ್ದು ಸರ್‌ಗೆ ಗೊತ್ತಿತ್ತು, ನಿಮಗ ಗೊತ್ತಿತ್ತು. ಸರ್ ಅಂತೂ ಬರಿಯೂವ್ರಲ್ಲ.”

ಮೂರೂವರೆ ವರ್ಷದಿಂದ ಗೊತ್ತಿತ್ತು. ಯಾರ ಮುಂದೆಯೂ ಹೇಳಿರಲಿಲ್ಲ. ನಾನು ಅಳತೊಡಗಿದೆ. ಅವಳು ಸ್ಪಷ್ಟವಾಗಿ ಹೇಳಿದಳು, “ಅಳಬ್ಯಾಡ್ರಿ. ನೀವು ಅತ್ರ ನಾ ಸಮಾಧಾನ ಮಾಡಬೇಕಾಕ್ಕೈತಿ. ನನ್ನ ಕೈಲೆ ಆಗಂಗಿಲ್ಲ.”

“ನಾನೇನು ಮಾಡ್ಲಿ ಹೇಳು.”

ಅವಳು ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದಳು. ನಿಷೇಧ ತೆರವುಗೊಳಿಸಿ ಎಂದು 2006ರ ಮೇ ತಿಂಗಳಲ್ಲಿ ತಮಗೆ ಸಲ್ಲಿಸಿದ ಅರ್ಜಿಯ ನಕಲು. ತಮ್ಮ ಕಚೇರಿಯ ಸ್ವೀಕೃತಿ ಮೊಹರಿದೆ. ಅಂಕಪಟ್ಟಿ, ವಿಳಾಸ, ಸಹಿ ಎಲ್ಲ ಇದೆ. ಆಮೇಲೆ ಬರೆದ ಮೂರು ನೆನಪೋಲೆಗಳೂ ಇವೆ. ಪ್ರತಿ ಸಲ ಅರ್ಧ ದಿನದ ಕೂಲಿ ಬಿಟ್ಟು ಹೋಗಿ ವಿಚಾರಿಸಿದರೆ, ‘ಕಡತ ಅಧ್ಯಕ್ಷರ ಪರಿಶೀಲನೆಯಲ್ಲಿದೆ’ ಎಂದು ಉತ್ತರವಂತೆ.

“ನನ್ನ ಕಾಗದ ಯಾರೂ ಓದವಲ್ರು” ಎಂದಳು. “ನಿಮ್ಮ ಕಾಗದ ಲಗೂನ ಓದ್ತಾರ. ಇನ್ನೊಂದು ಬರೀರಿ. ಹೆಸರ ಹಾಕಿ ಬರೀರಿ.”

ಹೊರಡುವಾಗ ಕೇಳಿದೆ, ಇನ್ನೂ ಓಡುತ್ತೀಯಾ ಎಂದು. ಕಾರ್ಖಾನೆಗೆ ಹೋಗುವ ಮೊದಲು ಲೇಔಟಿನ ಖಾಲಿ ಸೈಟಿನಲ್ಲಿ ದಿನಾ ಓಡುತ್ತಾಳಂತೆ. ತೋರಿಸು ಎಂದೆ. ಯಾಕೆ ಕೇಳಿದೆನೋ! ಅವಳು ಸೀರೆಯ ಸೆರಗು ಸಿಕ್ಕಿಸಿ, ಎಂಟು ಕಲ್ಲುಗಳನ್ನು ಸಾಲಾಗಿಟ್ಟು, ಅವುಗಳ ನಡುವೆ ಒಂದು ಸುತ್ತು ಹೋಗಿಬಂದಳು. ಇಪ್ಪತ್ತೆರಡು ವರ್ಷದವಳು, ದಿನಕ್ಕೆ ಒಂಬತ್ತು ಗಂಟೆ ಹೊಲಿಗೆ ಯಂತ್ರದ ಮುಂದೆ ಕೂರುವವಳು. ನನ್ನ ಕಣ್ಣಿಗೆ ಅವಳ ಪಾದ ಸಿಗಲಿಲ್ಲ. ಅಲ್ಲಿ ನಿಂತು, ನಾಚಿಕೆಯಲ್ಲಿ ಮುಳುಗಿದ್ದಾಗಲೂ ನನಗೆ ಹೊಟ್ಟೆ ಉರಿಯಿತು. ತಪ್ಪು ಮಾಡಿದವಳು ನಾನು, ನ್ಯಾಯ ಅವಳ ಕಡೆ, ವೇಗವೂ ಅವಳ ಕಡೆಯೇ!

ಆದ್ದರಿಂದ, ಅಧ್ಯಕ್ಷರೇ, ಅವಳು ಹೇಳಿದಂತೆ ಹೆಸರು ಹಾಕಿ ಬರೆಯುತ್ತಿದ್ದೇನೆ. ಹೆಸರಿಲ್ಲದ ಚಾಡಿಗೆ ಒಂಬತ್ತು ದಿನ, ಹೆಸರಿರುವ ಅರ್ಜಿಗೆ ಹದಿನಾಲ್ಕು ತಿಂಗಳು ಎಂಬ ತಮ್ಮ ಕಾಲಮಾನವನ್ನು ಒಮ್ಮೆ ತಿರುಗಿಸಿ ನೋಡಿ. ಸೆಪ್ಟೆಂಬರಿನ ಪಂದ್ಯಾವಳಿಗೆ ಮುಂಚೆ ಸುವರ್ಣಾಳ ನಿಷೇಧವನ್ನು ರದ್ದುಪಡಿಸಿ. ಆಡಲು ಇಪ್ಪತ್ತೈದು ವರ್ಷದ ಮಿತಿಯಿದೆ. ತಮ್ಮ ಪರಿಶೀಲನೆ ಮುಗಿಯಲಿ ಎಂದು ಅವಳ ವಯಸ್ಸು ನಿಂತು ಕಾಯುವುದಿಲ್ಲ. ಆ ಫಾರಂ ತುಂಬಿದವರು, ಮೊಹರು ಒತ್ತಿದವರು ಯಾರೆಂದು ವಿಚಾರಣೆ ಮಾಡಿ, ಉತ್ತರವನ್ನು ಅದೇ ನೋಟಿಸ್ ಬೋರ್ಡಿನಲ್ಲಿ ಅಂಟಿಸಿ. ಇನ್ನು ಮುಂದೆ ಯಾವ ಕಾಲೇಜು ಯಾವ ಊರಿನಿಂದ ಯಾವ ಹುಡುಗಿಯನ್ನು ತಂದರೂ, ಕೊಟ್ಟ ಮಾತುಗಳನ್ನು ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಅವಳ ಕೈಗೂ ತಮ್ಮ ಕಚೇರಿಗೂ ಒಂದೊಂದು ಪ್ರತಿ ಕೊಡಬೇಕೆಂದು ನಿಯಮ ಮಾಡಿ. ಅವಳು ಬಿದ್ದರೂ, ಫೇಲಾದರೂ ಓದು ಮುಗಿಯುವವರೆಗೆ ಹಾಸ್ಟೆಲಿನ ಬಾಗಿಲು ಮುಚ್ಚಕೂಡದೆಂದು ಅದರಲ್ಲಿ ಸೇರಿಸಿ. ನನ್ನ ಪ್ರಮಾಣಪತ್ರದ ಬಗ್ಗೆ ಏನು ಮಾಡಬೇಕೆಂದು ತೋಚುತ್ತದೋ ಅದನ್ನೂ ಮಾಡಿ. ಅದರಿಂದ ಬಂದ ನೌಕರಿ ಹೋದರೆ ಹೋಗಲಿ ಎಂದು ಬರೆಯಲು ಮೂರು ದಿನ ಯೋಚಿಸಿದ್ದೇನೆ. ಬರೆದಿದ್ದೇನೆ. ಅಮ್ಮನಿಗೆ ಎಲ್ಲವನ್ನೂ ನಿನ್ನೆ ಹೇಳಿದೆ. ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ನಿಷೇಧ ರದ್ದಾದರೆ ಸೆಪ್ಟೆಂಬರಿನಲ್ಲಿ ನಾನೂ ಬರುತ್ತೇನೆ. ಮೆಟ್ಟಿಲ ಮೇಲೆ ಕೂತು ನೋಡುತ್ತೇನೆ. ಅವಳು ಓಡುವುದನ್ನು ನೋಡಿ ನನಗೆ ಸಂತೋಷವಾಗುತ್ತದೆ ಎಂದು ಹೇಳಲಾರೆ. ಒಮ್ಮೆ ಸುಳ್ಳುಹೆಸರಲ್ಲಿ ಬರೆದದ್ದು ಸಾಕು. ಉರಿಯೇ ಆಗುತ್ತದೆ. ಆದರೆ ಅಂಕಣದಲ್ಲಿ ಓಡುತ್ತಿರುವವಳನ್ನು ಕಂಡು ಹೊಟ್ಟೆ ಉರಿಯುವುದು ಬೇರೆ, ಕಾಲರ್ ಹೊಲಿಯುತ್ತಾ ಕೂತವಳನ್ನು ನೆನೆದು ಉರಿಯುವುದು ಬೇರೆ. ಮೊದಲನೆಯದನ್ನು ನಾನು ತಾಳಿಕೊಳ್ಳಬಲ್ಲೆ.

ಇಂತಿ,
ತಮ್ಮ ಕಡ‍ತಗಳ ಪ್ರಕಾರ ಎಲ್ಲ ರೀತಿಯಲ್ಲೂ ಅರ್ಹಳಾದ
ಶಿವರಂಜನಿ ಸಿದ್ದಲಿಂಗೇಶ್
ಬಸವೇಶ್ವರನಗರ, ಬೆಂಗಳೂರು
ಜುಲೈ 2007